ಚಿನ್ನದ ಮೂಗು

ಮಿಶಿಗನ್ ಸರೋವರದ ಈ ದಡದಲ್ಲಿ ನಿಂತು ಆ ದಡದಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ಹೇಳಬಲ್ಲ ಮೂಗು ಜಯಸಿಂಹನದು. ಇದರಲ್ಲಿ ಏನಾದರೂ ಹೆಚ್ಚುಕಮ್ಮಿ ಇದ್ದರೆ ಅದು ಸರೋವರದ ಅಗಲದ ವಿಷಯದಲ್ಲಿ, ಮೂಗಿನ ವಿಷಯದಲ್ಲಲ್ಲ. ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ ಕಾರುಗಳ ಒಳಮೈಯನ್ನು ಮೂಸಿ ನೋಡುವ ಪ್ರಯೋಗಾಲಯವೊಂದಿದೆ. ಸೀಟಿನ ಫೋಮು, ನೆಲದ ಹಾಸು, ಬಾಗಿಲಿನ ಪ್ಲಾಸ್ಟಿಕ್ಕು ಬಿಸಿಲಿಗೆ ಕಾದಾಗ ಎಷ್ಟು ನಾರುತ್ತವೆಂದು ಅಳೆಯಲು ಅಲ್ಲಿ ಬೇಕಾದಷ್ಟು ಯಂತ್ರಗಳಿವೆ, ಆದರೆ ಕೊನೆಯ ಮಾತು ಮನುಷ್ಯರ ಮೂಗಿನದೇ. ತುಂಡನ್ನು ಗಾಜಿನ ಜಾಡಿಯಲ್ಲಿ ಮುಚ್ಚಿ, ಕಾಯಿಸಿ, ಮುಚ್ಚಳವನ್ನು ಒಂದೆಳೆ ಸರಿಸಿ, ಮೇಜಿನ ಸುತ್ತ ಕೂತವರು ಮೊಲದ ಹಾಗೆ ಪುಟಪುಟನೆ ಮೂಸಿ ಅಂಕ ಕೊಡಬೇಕು. ಒಂದು ಎಂದರೆ ಏನೂ ಇಲ್ಲ, ಆರು ಎಂದರೆ ಎದ್ದು ಓಡು. ಅಲ್ಲಿಗೆ ಜಯಸಿಂಹ ಇಂಟರ್ನ್ ಆಗಿ ಕಾಲಿಟ್ಟ ದಿನ ಹಳೆಯ ಮೂಗುಗಳೆಲ್ಲ ನಾಚಿ ಕೆಂಪಾದವಂತೆ, ಒಂದೆರಡು ಸೀನಿಯೇಬಿಟ್ಟವಂತೆ. ಪರೀಕ್ಷೆಗಿಟ್ಟ ಬಾಟಲಿಗಳ ಹೆಸರನ್ನು ಅವನು ಮುಚ್ಚಳ ತೆಗೆಯುವ ಮೊದಲೇ ಹೇಳಿ, ಮುಚ್ಚಳ ತೆಗೆದವಳು ಬೆಳಿಗ್ಗೆ ಏನು ತಿಂದಿದ್ದಳೆಂಬುದನ್ನೂ ಸೇರಿಸಿ ಹೇಳಿದನಂತೆ. ಅವನ ತಾತ ಅರಮನೆಗೆ ಅತ್ತರು ಬೆರೆಸುತ್ತಿದ್ದರು, ಮಹಾರಾಣಿಯವರು ಅವರ ಮೂಗನ್ನು ಕೇಳದೆ ಸೀರೆ ಉಡುತ್ತಿರಲಿಲ್ಲ. ಏಳು ತಲೆಮಾರಿನಿಂದ ಅವನ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿದವರಿಲ್ಲ, ಆದ್ದರಿಂದ ಮೂಗಿನ ನಾಳ ಗಂಗೆಯಷ್ಟು ಶುದ್ಧ. ಮೂಸುವ ದಿನ ಈರುಳ್ಳಿ ತಿಂದು ಬರಬಾರದೆಂಬ ನಿಯಮವನ್ನು ಕಹಿಮದ್ದಿನಂತೆ ಸಹಿಸಿಕೊಂಡು ಬಂದಿದ್ದ ಅಮೆರಿಕದವರಿಗೆ, ಹುಟ್ಟಿದಾರಭ್ಯ ಅದನ್ನು ಪಾಲಿಸಿದವನೊಬ್ಬ ಸಿಕ್ಕಿದ್ದು ಪವಾಡವೆನ್ನಿಸಿ, ಅವರು ಅವನಿಗೆ ಚಿನ್ನದ ಮೂಗು ಎಂದು ಹೆಸರಿಟ್ಟರು.

ಆ ಚಿನ್ನದ ಮೂಗು ಶುಕ್ರವಾರದ ಸಂಜೆ ಶಿಕಾಗೋದ ನಡುಪೇಟೆಯಲ್ಲಿ, ಮೇಲೆ ರೈಲು ಓಡುವ ಕಬ್ಬಿಣದ ಕಂಬಗಳ ಕೆಳಗೆ, ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡು ನಡೆಯುತ್ತಿತ್ತು. ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಜೂನ್ ತಿಂಗಳ ಬೆಳಕು ಇಳಿಯುವ ಲಕ್ಷಣವೇ ಇರಲಿಲ್ಲ, ಸಂಜೆಯೆಂಬುದು ಗಡಿಯಾರದಲ್ಲಿ ಮಾತ್ರ ಇತ್ತು. ಕಂಬಗಳ ಮೇಲೆ ಪಾರಿವಾಳದ ಹಿಕ್ಕೆ ಮೇಣದಂತೆ ಇಳಿದು ಹೆಪ್ಪುಗಟ್ಟಿತ್ತು. ಹೋಟೆಲುಗಳ ಹಿಂಬಾಗಿಲಲ್ಲಿ ಕಪ್ಪು ಚೀಲಗಳು ಹೊಟ್ಟೆ ಒಡೆದುಕೊಂಡು ಬಿದ್ದಿದ್ದವು, ಅವುಗಳಿಂದ ಹೊರಟ ಹಳದಿ ನೀರು ಕಾಲುದಾರಿಯನ್ನು ದಾಟಿ ಅವನ ಷೂ ಇದ್ದ ಕಡೆಗೇ ಹುಡುಕಿಕೊಂಡು ಬರುವಂತಿತ್ತು. ಎದುರು ಬಂದವರು ಮೂಗು ಸಿಂಡರಿಸುತ್ತಿದ್ದರು. ಚೀಲಗಳಿಗೋ ತನಗೋ ಎಂದು ಜಯಸಿಂಹ ಪ್ರತಿಯೊಬ್ಬರ ಮುಖವನ್ನೂ ಹುಡುಕಿದ. ನೋವೈಯಿಂದ ಅವರು ನಾಲ್ವರು ಬಂದದ್ದು ಸರೋವರದ ದಂಡೆಯ ದೊಡ್ಡ ಭವನದಲ್ಲಿ ನಡೆಯುತ್ತಿದ್ದ ಕಾರು ಬಿಡಿಭಾಗಗಳ ಪ್ರದರ್ಶನಕ್ಕೆ. ಮುಂದೆ ಡೇಲ್ ನಡೆಯುತ್ತಿದ್ದ, ಮೂಸುವ ಗುಂಪಿನ ಅತ್ಯಂತ ಹಳೆಯ ಸದಸ್ಯ. ಮಳಿಗೆಯ ಸಾಮಾನನ್ನೆಲ್ಲ ತನ್ನ ಟ್ರಕ್ಕಿನಲ್ಲಿ ಹೇರಿಕೊಂಡು ಬಂದಿದ್ದ. ಅವನ ಪಕ್ಕ ಅದೇ ಗುಂಪಿನ ಮಾಳವಿಕಾ, ಇಲ್ಲೇ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಅಮ್ಮನ ಮನೆಯಲ್ಲಿ ಉಳಿದು ರೈಲಿನಲ್ಲಿ ಬಂದವಳು. ಜಯಸಿಂಹನ ಜೊತೆಗೆ ಹೆಜ್ಜೆ ಹಾಕುತ್ತಿದ್ದವರು ಸುಹಾಸಿನಿ ಆಂಟಿ. ಮೂಸುವ ಗುಂಪಿನ ಮುಖ್ಯಸ್ಥೆ, ನಾರ್ತ್‌ವಿಲ್‌ನಲ್ಲಿ ಮನೆ, ಮೈಸೂರಿನ ಸರಸ್ವತಿಪುರಂನವರು. ಅವನನ್ನು ಕೆಲಸಕ್ಕೆ ಸೇರಿಸಿಕೊಂಡವರು, ತಮ್ಮ ಕಾರಿನಲ್ಲೇ ನೋವೈಯಿಂದ ಕರೆತಂದವರು.

"ಹೇ ಜೇ, ಡೂ ದ ಥಿಂಗ್," ಎಂದು ಮಾಳವಿಕಾ ಹಿಂದೆ ತಿರುಗಿ ಹಿಮ್ಮುಖವಾಗಿ ನಡೆಯತೊಡಗಿದಳು. "ಶಿಕಾಗೋ ಏನ್ ಸ್ಮೆಲ್ ಬರ್ತಿದೆ ಹೇಳು."

ಜಯಸಿಂಹ ನಿಂತ. ಕಣ್ಣು ಮುಚ್ಚಿದ. ಮೂಗಿನ ಹೊಳ್ಳೆಗಳನ್ನು ಕುದುರೆಯಂತೆ ಅರಳಿಸಿದ, ಡೇಲ್ ಟೊಪ್ಪಿ ತೆಗೆದು ಎದೆಗಿಟ್ಟುಕೊಂಡ. ಹಿಂದಿನ ರಾತ್ರಿ ಫೋನಿನಲ್ಲಿ ಓದಿದ್ದು ಅವನ ನೆನಪಿಗೆ ಬಂತು. "ಕೋಕೋ," ಎಂದ. "ಹುರೀತಿದಾರೆ. ಪಶ್ಚಿಮದ ಕಡೆಯಿಂದ ಬರ್ತಿದೆ, ನದಿ ಆಚೆಗೆ. ಸ್ವಲ್ಪ ಸೀದಿದೆ ಕೂಡ."

"ವೇಯ್ಟ್. ಆ ಚಾಕೊಲೇಟ್ ಫ್ಯಾಕ್ಟರಿ ಕ್ಲೋಸ್ ಆಗೋಯ್ತಲ್ಲ? ನಾನು ಚಿಕ್ಕೋಳಿದ್ದಾಗ ಟ್ರೇನಿಂದ ಇಳಿದ್ರೆ ಆ ಸ್ಮೆಲ್ ಬರ್ತಿತ್ತು. ಇಟ್ಸ್ ಗಾನ್, ಜೇ."

"ಮುಚ್ಚಿದ್ರೇನು? ಇಟ್ಟಿಗೆಗೆ ಹಿಡಿದಿರುತ್ತೆ. ನಮ್ಮ ತಾತ ಮೈಸೂರಲ್ಲಿ ಗೋಡೆ ಮೂಸಿ ಮನೆ ಕಟ್ಟಿದೋನು ಎಡಚನೋ ಬಲಚನೋ ಹೇಳ್ತಿದ್ರು."

ಮಾಳವಿಕಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಡೇಲ್ ಹೋ ಎಂದು ನಕ್ಕು ಅವನ ಬೆನ್ನಿನ ಬ್ಯಾಗಿಗೇ ಒಂದು ಗುದ್ದು ಗುದ್ದಿದ. ಸುಹಾಸಿನಿ ಆಂಟಿ ಮಾತ್ರ ನಗಲಿಲ್ಲ. ನಿಂತಲ್ಲೇ ಪಶ್ಚಿಮಕ್ಕೆ ಮುಖ ಮಾಡಿ, ಕನ್ನಡಕ ತೆಗೆದು, ಪುಟಪುಟನೆ ಮೂಸಿದರು. ಮತ್ತೊಮ್ಮೆ ಮೂಸಿದರು. "ನಂಗೆ ಬರ್ಲೇ ಇಲ್ಲ ನೋಡೋ," ಎಂದು ಕನ್ನಡಕವನ್ನು ದುಪಟ್ಟಾದ ತುದಿಯಲ್ಲಿ ಒರೆಸಿಕೊಂಡರು.

ಜಯಸಿಂಹನಿಗೂ ಬಂದಿರಲಿಲ್ಲ. ಕೋಕೋ ಬರಲಿಲ್ಲ, ಚೀಲಗಳ ನಾತ ಬರಲಿಲ್ಲ, ರೈಲಿನ ಬ್ರೇಕಿನ ಸುಟ್ಟ ಕಬ್ಬಿಣ ಬರಲಿಲ್ಲ, ಫೆಬ್ರವರಿಯಿಂದ ಈಚೆಗೆ ಈ ಭೂಮಂಡಲದಲ್ಲಿ ಅವನಿಗೆ ಏನೂ ಬಂದಿರಲಿಲ್ಲ. ಜನವರಿಯ ಪರೀಕ್ಷೆಯಲ್ಲಿ ಅವನು ಎಲ್ಲರಿಗಿಂತ ಮುಂದೆ ಬಂದದ್ದು ನಿಜ, ಅಷ್ಟು ಮಾತ್ರ ದೇವರಾಣೆಗೂ ನಿಜ. ಆಮೇಲೆ ಒಂದು ವಾರ ಜ್ವರ. ಮೂವರು ಹುಡುಗರ ಜೊತೆ ಹಂಚಿಕೊಂಡ ಅಪಾರ್ಟ್‌ಮೆಂಟಿನಲ್ಲಿ ಕಂಬಳಿ ಹೊದ್ದು ಬಿದ್ದುಕೊಂಡಿದ್ದವನು ಎದ್ದು ಕಾಫಿ ಮಾಡಿಕೊಂಡ, ಲೋಟದಲ್ಲಿ ಇದ್ದದ್ದು ಬಿಸಿಯಾದ ಕಂದು ನೀರು. ಪುಡಿಯ ಡಬ್ಬದೊಳಕ್ಕೆ ಮುಖ ಹಾಕಿದ. ಮಣ್ಣು. ಸೋಪು ಮೂಸಿದ, ಕಲ್ಲು. ರೂಮಿನ ರಿಷಭ್‌ನ ಬೆವರಿನ ಬನಿಯನ್ನನ್ನು, ಮಾನ ಬಿಟ್ಟು, ಬುಟ್ಟಿಯಿಂದ ಎತ್ತಿ ಮೂಸಿದ. ಬರಿಯ ಒದ್ದೆ ಬಟ್ಟೆ. ನಾಳೆ ಬರಬಹುದು, ನಾಡಿದ್ದು ಬರಬಹುದು ಎಂದುಕೊಂಡು ಕೆಲಸಕ್ಕೆ ಹೋದ. ಮೂಗಿಲ್ಲದ ಇಂಟರ್ನನ್ನು ಮೂಸುವ ಲ್ಯಾಬಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ, ಕೆಲಸ ಹೋದ ಮೇಲೆ ವೀಸಾದ ಗತಿಯೇನು. ಮೊದಲ ಜಾಡಿ ಕೈಗೆ ಬಂದಾಗ ಎದುರಿಗೆ ಡೇಲ್ ಕೂತಿದ್ದ. ಡೇಲ್‌ನ ಮುಖ ತೆರೆದಿಟ್ಟ ಅಂಗಡಿ. ಎರಡಕ್ಕೆ ಅವನ ಹುಬ್ಬು ಅಲ್ಲಾಡುವುದಿಲ್ಲ, ಮೂರಕ್ಕೆ ಮೀಸೆ ಏಳುತ್ತದೆ, ನಾಲ್ಕಕ್ಕೆ ಗಂಟಲಮಣಿ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ, ಐದಕ್ಕೆ ಎಡಗಿವಿ ಕೆಂಪಾಗುತ್ತದೆ. ಹಾಗೆ ಒಬ್ಬ ಮನುಷ್ಯನ ಕಿವಿಯಿಂದ ಮೂಸಿ ಮೂಸಿ ಜಯಸಿಂಹ ಚಿನ್ನದ ಮೂಗಾಗಿ ಉಳಿದ. ತನ್ನ ಮೈ ನಾರುತ್ತಿದೆಯೋ ಇಲ್ಲವೋ ತಿಳಿಯದೆ ದಿನಕ್ಕೆ ಮೂರು ಸಲ ಸ್ನಾನ ಮಾಡಿದ. ಬಸ್ಸಿನಲ್ಲಿ ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದರೆ ಇಡೀ ದಿನ ತೋಳುಗಳನ್ನು ಮೈಗೆ ಅಂಟಿಸಿಕೊಂಡು ತಿರುಗಿದ. ಮೈಸೂರಿನಿಂದ ಅಮ್ಮ ಫೋನು ಮಾಡಿ ಊಟ ಆಯ್ತೇನೋ ಎಂದರೆ, ಆಯ್ತಮ್ಮ, ಘಮಘಮ ಅನ್ನುತ್ತಿತ್ತು ಎಂದ. ತಾತ ಅತ್ತರು ಬೆರೆಸಿದ್ದೆಲ್ಲ ಸುಳ್ಳು. ಅಪ್ಪ ಮಾಧವರಾಯರು ಊದುಬತ್ತಿಯ ಸ್ಯಾಂಪಲ್ ಪೆಟ್ಟಿಗೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದ ಸೇಲ್ಸ್‌ಮನ್ನು, ಅಷ್ಟೆ. ಸಂಜೆ ಅವರ ಅಂಗಿಯ ಜೇಬಿನಲ್ಲಿ ಮುಖವಿಟ್ಟರೆ ಮಲ್ಲಿಗೆ, ಕೇದಗೆ, ಲೋಬಾನ, ಪೆಟ್ರೋಲು ಎಲ್ಲ ಕಲಸಿ ಬರುತ್ತಿದ್ದುದು ಅವನಿಗೆ ಈಗ ಹೆಸರುಗಳಾಗಿ ಮಾತ್ರ ನೆನಪಿತ್ತು.

ನದಿಯ ಮೇಲಿನ ಪಿಜ್ಜಾ ಹೋಟೆಲೊಂದರ ತೆರೆದ ಕಟ್ಟೆಯಲ್ಲಿ ಮೇಜು ಸಿಕ್ಕಿತು. ಬ್ಯಾಗನ್ನು ಅವನು ಕುರ್ಚಿಯ ಕಾಲಿನ ಬಳಿ ನೂಕಿ ಕೂತ. ಕಾರಿನಲ್ಲೇ ಇದ್ದ ಬ್ಯಾಗು ಅದು, ನಿನ್ನೆಯಿಂದ ಹಿಂದಿನ ಸೀಟಿನಲ್ಲೇ ಬಿದ್ದಿತ್ತು. ಪ್ರದರ್ಶನದ ಭವನದೊಳಕ್ಕೆ ಬ್ಯಾಗು ಬಿಡುತ್ತಿರಲಿಲ್ಲ, ಪಾರ್ಕಿಂಗಿನ ಮೇಲಂತಸ್ತಿನ ಬಿಸಿಲಿನಲ್ಲಿ ಎರಡು ದಿನ ಕಾರು ಒಲೆಯ ಹಾಗೆ ಕಾದಿತ್ತು. ಈಗ ಇಳಿಯುವಾಗ, ಕಾಣುವಂತೆ ಏನೂ ಬಿಡಬೇಡಿ, ಗಾಜು ಒಡೀತಾರೆ ಎಂಬ ಬೋರ್ಡು ನೋಡಿ ಆಂಟಿಯೇ, ಅದನ್ನ ತಗೊಂಡ್ಬಿಡೋ ಎಂದಿದ್ದರು. ಪಿಜ್ಜಾ ಬಂತು. ಬಾಣಲೆಯಷ್ಟು ಆಳದ್ದು; ಡೇಲ್ ಒಂದು ತುಂಡು ಎತ್ತಿದಾಗ ಚೀಸು ಎಳೆಎಳೆಯಾಗಿ ಜೊಲ್ಲಿನಂತೆ ಮೇಜಿನ ಉದ್ದಕ್ಕೂ ಬಂತು, ಕೆಳಗಿನ ಟೊಮೆಟೊ ಗಾಯದಂತೆ ಬಾಯಿ ಬಿಟ್ಟಿತು. ವಾಸನೆಯೆಂಬ ಪರದೆ ಸರಿದ ಮೇಲೆ ಊಟವೆಂದರೆ ಇಷ್ಟೆ ಎಂದು ಅವನಿಗೆ ದಿನಾ ಅನ್ನಿಸುತ್ತಿತ್ತು. ಬಿಸಿ, ತಣ್ಣಗೆ, ಲೋಳೆ, ನಾರು, ಜಿಡ್ಡು. ಒಬ್ಬೊಬ್ಬರ ಬಾಯಲ್ಲಿ ಅದು ಹೊರಳುವುದು, ಕೆನ್ನೆ ಉಬ್ಬುವುದು, ನಾಲಿಗೆ ಹೊರಬಂದು ತುಟಿಯ ಮೂಲೆಯ ಎಣ್ಣೆಯನ್ನು ಒಳಗೆಳೆದುಕೊಳ್ಳುವುದು. ನಿನ್ನೆ ಮಧ್ಯಾಹ್ನ ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣದಲ್ಲಿ ಆಂಟಿ ಕಾರಿನಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದಾಗ ಅವನು ಬೆಂಚಿನ ಮೇಲೆ ಅವರು ಕಟ್ಟಿಕೊಟ್ಟ ಡಬ್ಬವನ್ನು ಇಟ್ಟುಕೊಂಡು ಕೂತಿದ್ದ. ನೀನು ದಾರೀಲಿ ಏನೂ ತಿನ್ನಲ್ಲ, ಈರುಳ್ಳಿ ಇಲ್ಲದ್ದು ಎಲ್ಲಿ ಸಿಗುತ್ತೆ ಎಂದು, ಮೊಸರು ಮುಗಿದ ದೊಡ್ಡ ಪ್ಲಾಸ್ಟಿಕ್ ಡಬ್ಬವನ್ನೇ ತೊಳೆದು ಅದರಲ್ಲಿ ತುಂಬಿದ್ದ ಮೊಸರನ್ನ, ಸೌತೆಕಾಯಿ ಹೆಚ್ಚಿ ಹಾಕಿದ್ದು. ಮುಚ್ಚಳ ಎತ್ತಲು ಹೋದ ಬೆರಳು ಅಲ್ಲೇ ನಿಂತಿತು. ಬಾಯಿಗಿಟ್ಟರೆ ಅದು ತಣ್ಣನೆಯ, ಬೇರೆ ಯಾರೋ ಒಮ್ಮೆ ಅಗಿದು ಬಿಟ್ಟ ಮುದ್ದೆಯಾಗುತ್ತದೆಂದು ಗೊತ್ತಿತ್ತು. ಕಸದ ಡ್ರಮ್ಮು ಎದುರಿಗೇ ಇತ್ತು. ಬೆಳಗಿನ ಜಾವ ಎದ್ದು ಅವನಿಗೋಸ್ಕರ ಅನ್ನ ಕಲಸಿದ ಕೈಯನ್ನು ಡ್ರಮ್ಮಿಗೆ ಹಾಕಲಾರದೆ ಡಬ್ಬವನ್ನು ಬ್ಯಾಗಿನ ತಳಕ್ಕೆ ತುರುಕಿ, ತುಟಿ ಒರೆಸಿಕೊಳ್ಳುತ್ತ ಬಂದು ಕಾರು ಹತ್ತಿ, "ಆಂಟಿ, ಒಗ್ಗರಣೆಗೆ ಇಂಗು ಒಂದು ಚೂರು ಮುಂದಾಗಿತ್ತು. ಮುಚ್ಚಳ ತೆಗೆದ್ರೆ ಪಕ್ಕದ ಬೆಂಚಿನ ನಾಯಿ ಎದ್ದು ನಿಂತ್ಕೊಳ್ತು," ಎಂದಿದ್ದ. ಆಂಟಿ ನಕ್ಕಿದ್ದರು, ಆಮೇಲೆ ತುಂಬ ಹೊತ್ತು ಸುಮ್ಮನೆ ರಸ್ತೆ ನೋಡುತ್ತ ಡ್ರೈವ್ ಮಾಡಿದ್ದರು.

ಮಾಳವಿಕಾ ಚಿಕ್ಕ ಗಾಜಿನ ಲೋಟವೊಂದನ್ನು ಅವನ ಮುಂದೆ ತಂದಿಟ್ಟಳು. ಈ ಊರಿಗೆ ಮೊದಲ ಸಲ ಬಂದವರಿಗೆಲ್ಲ ಕುಡಿಸುವ ಕಹಿ ಮದ್ಯ, ಕುಡಿದಾಗಿನ ಮುಖವನ್ನು ಫೋಟೋ ತೆಗೆಯಲೇಬೇಕು, ಅದೇ ಸಂಪ್ರದಾಯ. ಪಕ್ಕದ ಮೇಜಿನ ಅಪರಿಚಿತರೂ ಕುರ್ಚಿ ತಿರುಗಿಸಿ ಕೂತರು.

"ಮೂಸಿ ಹೇಳು ಮೊದಲು," ಎಂದ ಡೇಲ್. ಅವನ ಇಂಗ್ಲಿಷಿನಲ್ಲಿ ಜಯಸಿಂಹನ ಹೆಸರು ಸಿಮ್ ಎಂದಷ್ಟೇ ಉಳಿದಿತ್ತು. "ಸಿಮ್, ಏನೇನಿದೆ ಇದರಲ್ಲಿ?"

ಡೇಲ್‌ನ ಮೀಸೆ ಏಳಲಿಲ್ಲ, ಕಿವಿ ಕೆಂಪಾಗಲಿಲ್ಲ; ಲೋಟ ಜಯಸಿಂಹನ ಕೈಯಲ್ಲಿತ್ತು. "ಅನಾನಸ್," ಎಂದ ಅವನು. "ಹಿಂದೆ ಸ್ವಲ್ಪ ಶ್ರೀಗಂಧ. ಯಾರೋ ಒಳ್ಳೆ ಮನೆತನದೋರು ಮಾಡಿರೋದು."

"ಅನಾನಸ್!" ಡೇಲ್ ಮೇಜು ಗುದ್ದಿದ. "ನನಗೆ ಸೀಮೆಎಣ್ಣೆ ಮತ್ತು ಹಳೇ ಪಾಪ!"

ಜಯಸಿಂಹ ಎತ್ತಿ ಕುಡಿದ. ನಾಲಿಗೆಯ ಬುಡದಲ್ಲಿ ಏನೋ ಎದ್ದಿತು. ಕಹಿ. ಕಹಿಗೆ ಮೂಗು ಬೇಕಾಗಿರಲಿಲ್ಲ. ಅದು ನೇರವಾಗಿ, ಬಾಗಿಲು ತಟ್ಟದೆ, ನಾಲಿಗೆಗೆ ಬಂದಿತು. ಜ್ವರ ಬಂದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ನೆಲಬೇವಿನ ಕಷಾಯ, ಅಡುಗೆಮನೆಯ ಕಡಪಾ ಕಲ್ಲು, ಅವಳ ಬಳೆಯ ತಣ್ಣನೆಯ ಸ್ಪರ್ಶ. ತಿಂಗಳುಗಳ ನಂತರ ಜಗತ್ತಿನಲ್ಲಿ ಒಂದು ವಸ್ತು ಅವನನ್ನು ಮುಟ್ಟಿತ್ತು. ಮಾಳವಿಕಾ ಫೋಟೋ ತೆಗೆದು ನೋಡಿ ಹುಬ್ಬು ಗಂಟಿಕ್ಕಿದಳು. ಎಲ್ಲರಿಗೂ ತೋರಿಸಿದಳು. ಫೋಟೋದಲ್ಲಿ ಅವನು ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು. "ವೈ ಡೂ ಯೂ ಲುಕ್ ಹ್ಯಾಪಿ? ದಟ್ಸ್ ಕೈಂಡಾ ಕ್ರೀಪಿ."

"ನಮ್ಮೂರಲ್ಲಿ ಮಗುಗೆ ಇದನ್ನ ಬಾಟಲಿಲಿ ಕೊಡ್ತಾರೆ," ಎಂದ ಜಯಸಿಂಹ, ಮತ್ತು ಎಲ್ಲರೂ ನಕ್ಕಿದ್ದನ್ನು ನೋಡಿ ಅವನಿಗೆ ತನ್ನ ಬಾಯಿಯ ಮೇಲೆ, ಅದು ಸದಾ ಒದ್ದೆಯಾಗಿ ಸದಾ ಸಿದ್ಧವಾಗಿರುವುದರ ಮೇಲೆ, ಹೇಸಿಗೆಯಾಯಿತು.

ಆಗ ಸುಹಾಸಿನಿ ಆಂಟಿ ಲೋಟಕ್ಕೆ ಚಮಚ ತಾಗಿಸಿ ಟಣ್ ಎನಿಸಿದರು. ಡೇಲ್‌ಗೂ ತಿಳಿಯಲೆಂದು ಮೊದಲು ಇಂಗ್ಲಿಷಿನಲ್ಲಿ ಹೇಳಿದರು. ಸೋಮವಾರದಿಂದ ತಾನು ಮೂಸುವ ಗುಂಪಿನಲ್ಲಿರುವುದಿಲ್ಲ. ಮ್ಯಾನೇಜರಿಗೆ ಹೇಳಿಯಾಗಿದೆ. ತನ್ನ ಜಾಗಕ್ಕೆ ಜಯಸಿಂಹ, ಡಿಗ್ರಿ ಮುಗಿಯುತ್ತಿದ್ದಂತೆ ಕಾಯಂ ಕೆಲಸ, ವೀಸಾ ಎಲ್ಲ ಕಂಪನಿಯೇ ನೋಡಿಕೊಳ್ಳುತ್ತದೆ. ಆಮೇಲೆ ಅವನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಆ ಬೂದು ಬಣ್ಣದ ಕಾರ್ಪೆಟ್ ನೆನಪಿದ್ಯೇನೋ? ನಾನು ಐದು ಅಂದೆ, ನೀನು ಎರಡು ಅಂದೆ. ಅವತ್ತೇ ಗೊತ್ತಾಯ್ತು ಕಣೋ ನಂಗೆ. ಮೂಗಿಗೂ ವಯಸ್ಸಾಗುತ್ತೆ."

ನೆನಪಿತ್ತು. ಅವತ್ತು ಡೇಲ್ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದ. ಓದಲು ಮುಖವೇ ಇರಲಿಲ್ಲ. ಮಾಳವಿಕಾಳದು ಇಲ್ಲಿ ಹುಟ್ಟಿದವರ ಮುಖ, ಎರಡಕ್ಕೂ ಆರಕ್ಕೂ ಒಂದೇ ಸೌಜನ್ಯ. ಆಂಟಿ ಕಿಟಕಿಯ ಕಡೆ ತಿರುಗಿ ಕೂತು ಮೂಸಿದ್ದರು. ಜಾಡಿ ಕೈಗೆ ಬಂದಾಗ ಅವನು ಅದರೊಳಗಿನ ಬೂದು ತುಂಡನ್ನು ನೋಡಿದ, ನೋಡಲು ಶುಭ್ರವಾಗಿತ್ತು, ಎರಡು ಎಂದ. ಅಷ್ಟರಲ್ಲಿ ಆಂಟಿ ಐದು ಎಂದಿದ್ದು ತಿಳಿಯಿತು, ತಿದ್ದಿಕೊಳ್ಳಬಹುದಿತ್ತು. ತಿದ್ದಿಕೊಳ್ಳುವ ಬದಲು ಅವನ ಬಾಯಿ, ಇದು ಕುರಿಯ ಉಣ್ಣೆಯ ಮುಗ್ಧ ವಾಸನೆ, ಸಿಂಥೆಟಿಕ್‌ನಲ್ಲಿ ಇಷ್ಟು ಬರೋದು ಅಪರೂಪ ಎಂದು ದೊಡ್ಡ ಪುರಾಣ ಹೇಳಿತ್ತು. ಆಂಟಿ ಜಾಡಿಯನ್ನು ಮತ್ತೆ ತರಿಸಿಕೊಂಡು ಮೂಸಿ, ಮೂಸಿ, ಕೊನೆಗೆ ಮೂರು ಎಂದು ಬದಲಾಯಿಸಿದ್ದರು.

"ಅದೊಂದೇ ಆಗಿದ್ರೆ ಸರಿ," ಆಂಟಿ ದನಿ ತಗ್ಗಿಸಿದರು. ಇದು ಕನ್ನಡದಲ್ಲೇ ಇರಬೇಕಾದ ಮಾತು ಎಂಬಂತೆ ಅವನ ಕಡೆ ಬಾಗಿದರು. "ನಿನ್ನೆ ಸಂಜೆಯಿಂದ ಕಾರೊಳಗೆ ಕೂತ್ರೆ ಏನೋ ಕೊಳೆತ ವಾಸ್ನೆ. ನಿನ್ನ ಕೇಳ್ದೆ, ಏನೂ ಇಲ್ಲ ಅಂದೆ. ಇವತ್ತು ಬೆಳಿಗ್ಗೆ ಇನ್ನೂ ಜಾಸ್ತಿ. ಮತ್ತೆ ಕೇಳ್ದೆ. ನಿಮ್ಮ ಹ್ಯಾಂಡ್ ಲೋಷನ್ನು ಆಂಟಿ, ಲ್ಯಾವೆಂಡರು ಅಂದೆ. ಈಗ ಬರ್ತಾ ಅಂತೂ ವಾಕರಿಕೆ ಬರೋ ಹಾಗಾಯ್ತು, ಕಿಟಕಿ ಇಳಿಸಿದೆ, ನೀನು ಆರಾಮಾಗಿ ಕೂತಿದ್ದೆ. ಇಲ್ಲದ ವಾಸ್ನೆ ಬರೋದು ಒಳ್ಳೇದಲ್ಲ ಕಣೋ. ನಮ್ಮತ್ತೆಗೆ ಹಾಗೇ ಶುರುವಾಗಿದ್ದು. ಸುಟ್ಟ ವಾಸ್ನೆ, ಸುಟ್ಟ ವಾಸ್ನೆ ಅಂತಿದ್ರು, ನಾವು ಒಲೆ ನೋಡ್ತಿದ್ವಿ. ತಲೇಲಿ ಗೆಡ್ಡೆ ಇತ್ತು. ಆರು ತಿಂಗಳೂ ಉಳೀಲಿಲ್ಲ." ತಟ್ಟೆಯಲ್ಲಿದ್ದ ಪಿಜ್ಜಾದ ಅಂಚನ್ನು ಚೂರು ಚೂರು ಮಾಡಿದರು. "ಮಂಗಳವಾರ ಸ್ಕ್ಯಾನಿಗೆ ಹೇಳಿದೀನಿ. ಮನೇಲಿ ಇನ್ನೂ ಹೇಳಿಲ್ಲ. ನಿಂಗೆ ಮಾತ್ರ ಹೇಳ್ತಿದೀನಿ, ನಿನ್ನ ಮೂಗಿನ ಮೇಲೆ ನಂಗೆ ನಂಬಿಕೆ. ಮತ್ತೊಂದ್ಸಲ ಕೇಳ್ತೀನಿ, ನಿಜ ಹೇಳು. ಕಾರಲ್ಲಿ ಏನೂ ಇರ್ಲಿಲ್ಲ ತಾನೆ?"

ಲ್ಯಾವೆಂಡರು. ಆ ಶಬ್ದ ಅವನ ಬಾಯಿಂದ ಎಷ್ಟು ಸಲೀಸಾಗಿ ಹೊರಬಿದ್ದಿತ್ತು, ಎಂಜಲಿನಂತೆ. ಲೋಷನ್ನಿನ ಟ್ಯೂಬಿನ ಮೇಲೆ ನೇರಳೆ ಹೂವಿನ ಚಿತ್ರವಿತ್ತು, ಅಷ್ಟೆ. ಒಂದೇ ಒಂದು ವಾಕ್ಯ ಹೇಳಬೇಕಾಗಿತ್ತು. ಅದು ಗಂಟಲಿನವರೆಗೆ ಬಂದು ಅಲ್ಲಿ ಕಾಯಂ ಕೆಲಸವನ್ನೂ, ಅಪ್ಪ ಸ್ಕೂಟರಿನಲ್ಲಿ ಅಂಗಡಿಯವರಿಗೆಲ್ಲ ನಮ್ ಹುಡುಗನ ಮೂಗು ಅಮೆರಿಕದಲ್ಲಿ ಎಂದು ಹೇಳಿಕೊಂಡು ತಿರುಗುವುದನ್ನೂ ಕಂಡು ಹಿಂದಕ್ಕೆ ಸರಿಯಿತು. ಎದುರಿನ ಹೆಂಗಸಿನ ಕೆಳತುಟಿಯಲ್ಲಿ ಟೊಮೆಟೊ ಚೂರೊಂದು ಅಂಟಿತ್ತು, ಅದು ಅವರು ಉಸಿರು ಬಿಟ್ಟಾಗಲೆಲ್ಲ ಅಲುಗುತ್ತಿತ್ತು. ಇಂಥ ಹೊತ್ತಿನಲ್ಲೂ ತನ್ನ ಕಣ್ಣು ಅದನ್ನೇ ನೋಡುತ್ತಿದೆಯಲ್ಲ ಎಂದು ಅವನಿಗೆ ತನ್ನ ಕಣ್ಣನ್ನೂ ಕಿತ್ತು ನದಿಗೆ ಎಸೆಯಬೇಕೆನಿಸಿತು. "ಇರ್ಲಿಲ್ಲ ಆಂಟಿ," ಎಂದ. "ನನ್ನ ಮೂಗು ತಪ್ಪಿಸ್ಕೊಂಡು ಒಂದು ಇರುವೆ ಕೂಡ..."

"ಓ ಮೈ ಗಾಡ್," ಎಂದಳು ಮಾಳವಿಕಾ, "ವಾಟ್ ಈಸ್ ದಟ್?"

ನದಿಯ ಗಾಳಿ ನಿಂತಿತ್ತು. ಡೇಲ್ ಪಿಜ್ಜಾ ಕೆಳಗಿಟ್ಟ. ಅವನ ಎಡಗಿವಿ, ಜಯಸಿಂಹ ನೋಡುತ್ತಿದ್ದಂತೆಯೇ, ದಾಸವಾಳವಾಯಿತು. ಪರಿಚಾರಿಕೆ ಓಡಿ ಬಂದು, ಹಿಂದಿನ ಓಣಿಯ ಕಸದ ಡಬ್ಬ ಇರಬೇಕು, ಕ್ಷಮಿಸಿ ಎಂದು ಬೇರೆ ಮೇಜು ತೋರಿಸಿದಳು. ತಟ್ಟೆ ಲೋಟ ಹೊತ್ತುಕೊಂಡು ಮೂವರೂ ಹೋದರು. ಜಯಸಿಂಹ ಬ್ಯಾಗು ಎತ್ತಿಕೊಂಡು ಹಿಂದೆ ಹೋದ. "ಗ್ರೀಸು," ಎಂದು ದಾರಿಯುದ್ದಕ್ಕೂ ವಿವರಿಸಿದ, "ಅಡುಗೆಮನೆಯ ಚರಂಡಿಯಲ್ಲಿ ವಾರದ ಹಿಂದಿನ ಗ್ರೀಸು, ಹಂದಿಯದು." ಹೊಸ ಮೇಜಿನಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ಮಾಳವಿಕಾ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು. "ಇಟ್ ಫಾಲೋಡ್ ಅಸ್!" ಪಕ್ಕದ ಮೇಜಿನ ದಂಪತಿ ಎದ್ದು ಒಳಗೆ ಹೋದರು. ಡೇಲ್ ತನ್ನ ಷೂಗಳ ಅಡಿಯನ್ನು ಒಂದೊಂದಾಗಿ ತಿರುಗಿಸಿ ನೋಡಿಕೊಂಡ, ಮಾಳವಿಕಾ ತನ್ನ ಕೂದಲನ್ನೇ ಎತ್ತಿ ಮೂಸಿಕೊಂಡಳು.

ಸುಹಾಸಿನಿ ಆಂಟಿ ಮಾತ್ರ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದರು. "ನಿಮಗೂ ಬರ್ತಿದ್ಯಾ?" ಎಂದರು. ಡೇಲ್ ಕಡೆಗೂ ತಿರುಗಿ ಇಂಗ್ಲಿಷಿನಲ್ಲಿ ಮತ್ತೆ ಕೇಳಿದರು. "ಯೂ ಸ್ಮೆಲ್ ಇಟ್ ಟೂ? ಬೋತ್ ಆಫ್ ಯೂ?"

"ಆಂಟಿ, ದೆ ಕ್ಯಾನ್ ಸ್ಮೆಲ್ ಇಟ್ ಇನ್ ಡೆಟ್ರಾಯಿಟ್!"

ಅವರ ಮುಖ ಅರಳಿದ್ದನ್ನು ಜಯಸಿಂಹ ನೋಡಿದ. ಅಂಥ ಗಬ್ಬಿಗೆ ಹಾಗೆ ಅರಳಿದ ಮುಖವನ್ನು ಯಾವ ಮೂಸುವ ಗುಂಪೂ ಕಂಡಿರಲಾರದು. ಕಣ್ಣು ತುಂಬಿ, ಬಾಯಿ ತೆರೆದು, ಅತ್ತೆಯ ಒಲೆಯನ್ನೂ ಮಂಗಳವಾರವನ್ನೂ ಒಂದೇ ಉಸಿರಿನಲ್ಲಿ ಹೊರಗೆ ಬಿಟ್ಟು, ಪುಟಪುಟನೆ ಮೂಸತೊಡಗಿದರು. ಮೇಜಿನ ಮೇಲೆ, ಎಡಕ್ಕೆ, ಕೆಳಕ್ಕೆ. ಕುರ್ಚಿ ಸರಿಸಿ ಬಾಗಿದರು. ಬ್ಯಾಗಿನ ತಳ ಒದ್ದೆಯಾಗಿ ಕಪ್ಪಗಾಗಿತ್ತು. ಕಲ್ಲು ಹಾಸಿನ ಮೇಲೆ, ಹಳೆಯ ಮೇಜಿನಿಂದ ಹೊಸ ಮೇಜಿನವರೆಗೆ, ಬಿಳಿ ಹನಿಗಳ ಸಾಲಿತ್ತು. ಡೇಲ್ ಗುದ್ದಿದಾಗಲೇ ಒಡೆದಿರಬೇಕು. ಆಂಟಿ ಯಾರನ್ನೂ ಕೇಳದೆ ಜಿಪ್ಪು ಎಳೆದರು. ತಮ್ಮದೇ ಅಡುಗೆಮನೆಯ ಮೊಸರಿನ ಡಬ್ಬವನ್ನು ಎರಡು ಬೆರಳಲ್ಲಿ ಮೇಲೆತ್ತಿದರು. ಅದು ಗರ್ಭಿಣಿಯಂತೆ ಉಬ್ಬಿ ಒಂದು ಪಕ್ಕ ಸೀಳಿತ್ತು, ಸೀಳಿನಿಂದ ಹಸಿರು ಹಳದಿಯ ನೊರೆ ಗುಳುಗುಳು ಬರುತ್ತಿತ್ತು, ಅದರಲ್ಲಿ ಸೌತೆಕಾಯಿಯ ಚೂರುಗಳು ಉಗುರುಗಳಂತೆ ತೇಲುತ್ತಿದ್ದವು. ಮಾಳವಿಕಾ ಎದ್ದು ಕಟ್ಟೆಯ ಕಂಬಿ ಹಿಡಿದು ನದಿಯ ಕಡೆ ತಿರುಗಿದಳು. ಜಯಸಿಂಹನಿಗೆ ಅದು ಕಣ್ಣಿನ ದಾರಿಯಿಂದ ಮಾತ್ರ ಬಂತು. ಮೂಗಿನಲ್ಲಿ ಶಿಕಾಗೋದ ಗಾಳಿ ಶುಭ್ರವಾಗಿ, ಖಾಲಿಯಾಗಿ ಹೋಗಿ ಬರುತ್ತಿತ್ತು.

ಆಂಟಿ ಮುಚ್ಚಳವನ್ನು ಒಂದೆಳೆ ಸರಿಸಿದರು. ಜಾಡಿ ಹಿಡಿಯುವ ಹಾಗೆಯೇ ಅದನ್ನು ಅವನ ಮೂಗಿನ ಕೆಳಗೆ ತಂದರು. "ಹೇಳು. ಎಷ್ಟು?"

ಅಭ್ಯಾಸಬಲದಿಂದ ಅವನ ಕಣ್ಣು ಡೇಲ್‌ನ ಕಡೆ ಹೋಯಿತು. ಡೇಲ್ ಕರವಸ್ತ್ರದಲ್ಲಿ ಮುಖವನ್ನು ಪೂರ್ತಿ ಮುಚ್ಚಿಕೊಂಡಿದ್ದ. ಮಾಳವಿಕಾಳ ಬೆನ್ನು ಕಾಣುತ್ತಿತ್ತು. ಓದಲು ಉಳಿದದ್ದು ಆಂಟಿಯದೊಂದೇ ಮುಖ, ಅದು ಅವನ ಕಣ್ಣು ಯಾರನ್ನು ಹುಡುಕಿಕೊಂಡು ಹೋಯಿತೆಂದು ನೋಡಿ ವಾಪಸು ಅವನ ಮೇಲೇ ಬಂದು ನಿಂತಿತ್ತು. ಆರು ಎನ್ನಬಹುದಿತ್ತು, ಯಾರು ಬೇಕಾದರೂ ಹೇಳಬಹುದಾದ ಅಂಕ. ಬಾಯಿ ಆಗಲೇ ಒದ್ದೆಯಾಗಿ ಸಿದ್ಧವಾಗಿತ್ತು, ಇದು ಶಿಕಾಗೋದ ಸೆಖೆಗೆ ಈಗಷ್ಟೇ, ಈ ಕ್ಷಣದಲ್ಲಿ ಕೆಟ್ಟದ್ದು, ಮೊಸರಿಗೂ ಪ್ರಯಾಣ ಆಗಲ್ಲ ಎಂದು ಏನೋ ಒಂದನ್ನು ಹೆಣೆಯತೊಡಗಿತ್ತು.

"ಇಂಗು ಮುಂದಾಗಿತ್ತು ಅಂದ್ಯಲ್ಲೋ ನಿನ್ನೆ," ಎಂದರು ಆಂಟಿ. ಸಿಟ್ಟಿರಲಿಲ್ಲ, ಅಷ್ಟೊಂದು ಮೆಲ್ಲಗೆ ಅಂದರು. "ಮನೇಲಿ ಇಂಗು ಮುಗಿದು ವಾರ ಆಯ್ತು. ಹಾಕೇ ಇರ್ಲಿಲ್ಲ. ನೀನು ಹಾಗಂದ ಮೇಲೆ, ಹಾಕಿ ಮರೆತೆನೇನೋ, ತಲೆ ಅಷ್ಟು ಕೆಟ್ಟೋಯ್ತೇನೋ ಅಂತ ರಾತ್ರಿಯೆಲ್ಲ ಹೋಟೆಲ್ಲಲ್ಲಿ ಕೂತಿದ್ದೆ."

ಪಕ್ಕದ ಸೇತುವೆಯ ಮೇಲೆ ರೈಲು ಹೋಯಿತು. ಅದು ಪೂರ್ತಿ ಹೋಗುವವರೆಗೆ ಅವನು ಕಾದ. ಆ ಗದ್ದಲದೊಳಗೆ ಹೇಳಿದರೆ ಹೇಳಿದಂತಾಗುವುದಿಲ್ಲವೆನ್ನಿಸಿತು.

"ತಿನ್ನಲೇ ಇಲ್ಲ ಆಂಟಿ ಅದನ್ನ," ಎಂದ. "ಮುಚ್ಚಳಾನೂ ತೆಗೀಲಿಲ್ಲ. ಫೆಬ್ರವರಿ ಜ್ವರದಿಂದ ನಂಗೆ ಏನೂ ವಾಸ್ನೆ ಬರಲ್ಲ. ಒಂದೂ ಬರಲ್ಲ. ಡೇಲ್ ಮುಖ ನೋಡ್ಕೊಂಡು ಹೇಳ್ತಿದ್ದೆ. ಕಾರ್ಪೆಟ್ ದಿನ ಡೇಲ್ ಇರ್ಲಿಲ್ಲ." ಡಬ್ಬದಿಂದ ಒಂದು ಹನಿ ಅವನ ಮಂಡಿಯ ಮೇಲೆ ಬಿತ್ತು, ಒರೆಸಲು ಹೋಗಲಿಲ್ಲ. "ಮಂಗಳವಾರ ಹೋಗ್ಬೇಡಿ. ನಿಮ್ಮ ಮೂಗು ಸರಿಯಾಗಿದೆ ಆಂಟಿ. ಇಲ್ಲದೇ ಇರೋದು ನಂದು."